ಎರಡು ಬಿಳಿ

ಬೆಳಿಗ್ಗೆ ಜಗಳ ಶುರುವಾದದ್ದು ಟವೆಲ್ಲಿನಿಂದ. ಮುಖ ತೊಳೆದು ಒರೆಸಿಕೊಳ್ಳಲು ಕೈಗೆತ್ತಿಕೊಂಡರೆ ಬಿಳಿ ಟವೆಲ್ಲು ನೀಲಿಯಾಗಿ ಕಂಡಿತು. "ಬಟ್ಟೆಗೆ ಇಷ್ಟೊಂದು ನೀಲಿ ಹಾಕ್ತಾರೇನೇ? ಸೀಸೆ ಪೂರ್ತಿ ಬಗ್ಗಿಸಿದ್ದೀಯಾ?" ಎಂದು ಬಚ್ಚಲಿನಿಂದಲೇ ಕೂಗಿದ. ಹೆಂಡತಿ ಅಡುಗೆಮನೆಯಿಂದ ತಲೆ ಕೂಡ ಹೊರಗೆ ಹಾಕದೆ, "ನಾನು ನೀಲಿ ಹಾಕೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಅದು ನಿಮ್ಮ ಹೊಸ ಕಣ್ಣು. ಇನ್ನೊಂದರಲ್ಲಿ ನೋಡಿ," ಎಂದಳು. ಪೊರೆ ತೆಗೆಸಿದ ಬಲಗಣ್ಣನ್ನು ಮುಚ್ಚಿ ಎಡಗಣ್ಣಿನಲ್ಲಿ ನೋಡಿದ. ಟವೆಲ್ಲು ತನ್ನ ಹಳೇ ಬಿಳಿಗೆ ಮರಳಿತು. ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದ, ಮತ್ತೆ ನೀಲಿ. ಹಾಗೆ ಒಂದಾದ ಮೇಲೊಂದು ಕಣ್ಣು ಮುಚ್ಚುತ್ತ ತೆರೆಯುತ್ತ ನಿಂತಾಗ, ಹಳೇ ಬಿಳಿ ಎಂದುಕೊಂಡದ್ದು ಬಿಳಿಯೇ ಅಲ್ಲ, ಸೋಸದೆ ಉಳಿದ ಚಹಾದ ತಳದಂಥ ಒಂದು ಹಳದಿ ಅನ್ನುವುದು ನಿಧಾನವಾಗಿ ತಲೆಗೆ ಇಳಿಯಿತು. ಅವನು ಹಲ್ಲು ಮಾಡುವವನು. ಪಿಂಗಾಣಿಯಲ್ಲಿ ಹಲ್ಲು ಮಾಡುವವನು. ಎರಡು ಬಿಳಿಗಳ ನಡುವೆ ಕೂದಲೆಳೆಯಷ್ಟು ಅಂತರವಿದ್ದರೂ ಹೇಳಬಲ್ಲೆ ಎಂದು ಎದೆ ತಟ್ಟಿಕೊಂಡೇ ಅರ್ಧ ಆಯುಸ್ಸು ಕಳೆದವನು.

ರಜೆ ಮುಗಿಸಿ ಕೆಲಸಕ್ಕೆ ಮರಳುವ ಮೊದಲ ದಿನ ಅದು. ಬೇರೆಯವರು ಬರುವ ಮೊದಲೇ ಹೋಗಿ ತನ್ನ ಮೇಜಿನ ಮುಂದೆ ಒಬ್ಬನೇ ಕೂರಬೇಕು ಅನ್ನಿಸಿತು. ಡಾಕ್ಟರಮ್ಮನ ಹಲ್ಲಿನ ಆಸ್ಪತ್ರೆ ಕೆಳಗೆ. ಹಿಂದುಗಡೆಯ ಕಬ್ಬಿಣದ ಮೆಟ್ಟಿಲು ಹತ್ತಿದರೆ ಲ್ಯಾಬು. ಬಾಗಿಲು ತೆಗೆದ ಕೂಡಲೇ ಸುಟ್ಟ ಮೇಣದ ವಾಸನೆ, ಒದ್ದೆ ಜಿಪ್ಸಂ ವಾಸನೆ. ಗಾಜಿನ ಅಡ್ಡಗೋಡೆಯ ಆಚೆ ಲೋಹದ ಮೇಜು, ಅಲ್ಲಿ ಕೂರುವವನನ್ನು ಎಲ್ಲರೂ ಕಬ್ಬಿಣ ಅಂತಲೇ ಕರೆಯುವುದು. ಈಚೆ ಕಿಟಕಿಯ ಬಳಿ ಅವನ ಮೇಜು, ಅದರ ಪಕ್ಕಕ್ಕೆ ನಾದಿನಿಯ ಮೇಜು. ಆ ಗಾಜಿನ ಗೋಡೆ ಹಾಕಿಸಿದ್ದೇ ಅವನು, ಡಾಕ್ಟರಮ್ಮನ ಜೊತೆ ಹಠ ಮಾಡಿ. ಲೋಹದ ಪುಡಿ ಕಣ್ಣಿಗೆ ಕಾಣದಷ್ಟು ಬಂದು ಪಿಂಗಾಣಿಗೆ ಸೇರಿದರೂ ಸಾಕು, ಹಸಿಯಾಗಿದ್ದಾಗ ಸುಮ್ಮನಿದ್ದು ಫರ್ನೇಸಿನಲ್ಲಿ ಬೆಂದ ಮೇಲೆ ಕಪ್ಪು ಚುಕ್ಕೆಯಾಗಿ ಎದ್ದು ನಿಲ್ಲುತ್ತದೆ, ಮದುವೆ ಮನೆಯಲ್ಲಿ ಹಳೇ ಸಾಲಗಾರ ಎದ್ದು ನಿಂತ ಹಾಗೆ. ಲೋಹ ಉಜ್ಜಿದ ಕಲ್ಲು ಪಿಂಗಾಣಿಗೆ ತಾಗಕೂಡದು. ಪುಡಿ ಕಲಸುವುದಕ್ಕೆ ಗಾಜಿನ ಕಡ್ಡಿಯೇ ಬೇಕು, ಉಕ್ಕಿನ ಚಮಚ ಗಾಜಿನ ಹಲಗೆಯ ಮೇಲೆ ಬೂದು ಗೆರೆ ಬಿಡುತ್ತದೆ. ಬ್ರಷ್ಷನ್ನು ಬಿಸಿನೀರಿಗೆ ಹಾಕಕೂಡದು, ಕೂದಲು ಹಿಡಿದ ಅಂಟು ಕರಗುತ್ತದೆ; ನೀರಿನ ಲೋಟದಲ್ಲಿ ತಲೆಕೆಳಗು ನಿಲ್ಲಿಸಕೂಡದು, ಮೊನೆ ಸೊಟ್ಟಗಾಗುತ್ತದೆ; ಬಾಯಲ್ಲಿಟ್ಟು ಮೊನೆ ಮಾಡಿಕೊಳ್ಳಕೂಡದು. ಒಬ್ಬರ ಬ್ರಷ್ಷು ಇನ್ನೊಬ್ಬರು ಮುಟ್ಟಕೂಡದು. ಇವೆಲ್ಲ ಅವನ ಕಾನೂನು. ಹೇಳಿದ್ದಲ್ಲ, ಕೂಗಿದ್ದು. ಬೆನ್ನ ಹಿಂದೆ ಅವನನ್ನು ಅವರು ಕುಲುಮೆ ಅನ್ನುತ್ತಾರೆ, ಅದು ಅವನಿಗೂ ಗೊತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆ ಕೂಡ.

ಮೇಜಿನ ಮೇಲೆ, ಡಾಕ್ಟರಮ್ಮನ ಬಳಿ ಹಲ್ಲು ಕಟ್ಟಿಸಿಕೊಳ್ಳುತ್ತಿದ್ದ ಒಬ್ಬ ಟೀಚರಮ್ಮನ ಡಬ್ಬಿ ಇತ್ತು. ಮೇಲಿನ ಸಾಲಿನ ನಟ್ಟ ನಡುವಿನ ಒಂದೇ ಹಲ್ಲು. ಅಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ಪಕ್ಕದಲ್ಲೇ ದೇವರು ಮಾಡಿದ ಜೋಡಿ ಹಲ್ಲು ನಿಂತು ಸಾಕ್ಷಿ ಹೇಳುತ್ತದೆ. ಎರಡು ಸಲ ಮಾಡಿ ಕೊಟ್ಟಿದ್ದ, ಎರಡು ಸಲವೂ ಬಣ್ಣ ಕೂಡಲಿಲ್ಲವೆಂದು ವಾಪಸು ಬಂದಿತ್ತು. ಮೊದಲ ಸಲ ಡಾಕ್ಟರಮ್ಮನ ದೀಪ ಸರಿಯಿಲ್ಲ ಅಂದ. ಎರಡನೇ ಸಲ, "ಆ ಹೆಂಗಸಿಗೆ ತನ್ನ ಹಲ್ಲು ಮುತ್ತು ಅಂತ ಭ್ರಮೆ," ಅಂದ. ಡಾಕ್ಟರಮ್ಮ ದನಿ ಏರಿಸಲಿಲ್ಲ. "ಆಪರೇಶನ್ ಮುಗಿಸ್ಕೊಂಡು ಬನ್ನಿ, ಇನ್ನೊಂದು ಸಲ ನೋಡೋಣ. ಅದೂ ವಾಪಸ್ ಬಂದ್ರೆ ಮುಂದಿನ ಹಲ್ಲುಗಳನ್ನ ಹೊರಗಿನ ಲ್ಯಾಬಿಗೆ ಕಳಿಸ್ತೀನಿ. ನೀವು ದವಡೆ ಹಲ್ಲು ನೋಡ್ಕೊಳ್ಳಿ. ಬೇಜಾರು ಮಾಡ್ಕೋಬೇಡಿ," ಅಂದರು. ಬೇಜಾರು. ಅಕ್ಕಸಾಲಿಗನನ್ನು ಕರೆದು ಪಾತ್ರೆಗೆ ಬೆಸುಗೆ ಹಾಕು ಅಂದ ಹಾಗೆ. ಆ ಟೀಚರಮ್ಮ ಇವತ್ತೇ ಬರುವವರಿದ್ದರು. ಡಬ್ಬಿ ತೆರೆದು, ವಾಪಸು ಬಂದ ಎರಡು ಕ್ಯಾಪುಗಳನ್ನೂ ಅಂಗೈ ಮೇಲೆ ಇಟ್ಟುಕೊಂಡು ಕಿಟಕಿಗೆ ಹಿಡಿದ. ಎಡಗಣ್ಣಿಗೆ ಎರಡೂ ಒಂದೇ, ಎರಡೂ ಚೆಂದ. ಬಲಗಣ್ಣಿಗೆ ಒಂದು ಮಾಗಿದ ಜೋಳ, ಇನ್ನೊಂದು ಅದಕ್ಕಿಂತ ಹಳದಿ. ಒಂದಕ್ಕೊಂದು ಕೂಡ ಹೊಂದುತ್ತಿರಲಿಲ್ಲ. ಯಾರಾದರೂ ನೋಡಿದರೇನೋ ಎಂಬಂತೆ ಅಂಗೈ ಮುಚ್ಚಿಕೊಂಡ.

ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ದೊಡ್ಡ ಬ್ರಷ್ಷು ತೆಗೆದುಕೊಂಡು, ಗಾಜಿನ ಹಲಗೆಯ ಮೇಲೆ ಚಿಟಿಕೆ ಪುಡಿ ಕಲಸಿ, ಸುಮ್ಮನೆ ಒಂದು ಹಲ್ಲಿನ ಆಕಾರ ಕಟ್ಟಿ ಕೆಡವಿದ. ಕೈ ಮರೆತಿರಲಿಲ್ಲ. ಬ್ರಷ್ಷನ್ನು ತಣ್ಣೀರಿನಲ್ಲಿ ಆಡಿಸಿ, ಟಿಶ್ಯೂ ಮೇಲೆ ಎಳೆದು, ಮತ್ತೆ ಆಡಿಸಿ, ಕೊಡವಿದ. ಅಷ್ಟೇ ಅವನು ದಿನವೂ ತೊಳೆಯುತ್ತಿದ್ದದ್ದು. ಬಲಗಣ್ಣಿನಲ್ಲಿ ನೋಡಿದರೆ ಕೂದಲಿನ ಬುಡದಲ್ಲಿ, ತಗಡಿನ ಕೊರಳಿನ ಹತ್ತಿರ, ಬಿಳಿ ಪುಡಿ ಮೆತ್ತಿಕೊಂಡೇ ಇತ್ತು. ಮತ್ತೆ ತೊಳೆದ, ಇನ್ನೂ ಇತ್ತು. ಆ ಪುಡಿ ಅಲ್ಲೇ ಒಣಗಿದರೆ ಸಿಮೆಂಟಾಗುತ್ತದೆ, ಕೂದಲು ಬಿರಿದು ಪೊರಕೆಯಾಗುತ್ತದೆ, ಒಂದು ವಾರ ಸಾಕು. ಆದರೆ ಬ್ರಷ್ಷು ಪೊರಕೆಯಾಗಿರಲಿಲ್ಲ. ಎಷ್ಟು ವರ್ಷದ ಬ್ರಷ್ಷು ಅದು. ಮೊನೆ ಸೂಜಿಯ ಹಾಗೆ ಕೂಡುತ್ತಿತ್ತು. "ನೋಡು, ಸಾಮಾನು ಇಟ್ಕೊಳೋದು ಅಂದ್ರೆ ಹೀಗೆ," ಎಂದು ಅವನು ಅದೇ ಬ್ರಷ್ಷನ್ನು ನಾದಿನಿಯ ಮೂಗಿನ ಮುಂದೆ ಹಿಡಿದು ಪಾಠ ಹೇಳಿದ್ದು ನೆನಪಾಯಿತು. ಅವಳು ತಲೆಯಾಡಿಸಿದ್ದಳು, "ಹೌದು ಭಾವ," ಅಂದಿದ್ದಳು, ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲ. ಅವನು ಕುರ್ಚಿಯಲ್ಲಿ ಹಿಂದಕ್ಕೊರಗಿದ. ತಾನು ಮನೆಗೆ ಹೋದ ಮೇಲೆ ಯಾರೋ ಈ ಬ್ರಷ್ಷನ್ನು ಎತ್ತಿಕೊಂಡಿದ್ದಾರೆ. ಬುಡದವರೆಗೆ ತೊಳೆದಿದ್ದಾರೆ. ಬೆರಳಲ್ಲಿ ಮೊನೆ ಮಾಡಿ ಮಲಗಿಸಿದ್ದಾರೆ. ದಿನವೂ.

ನಾದಿನಿ ಈ ಕೆಲಸಕ್ಕೆ ಬಂದದ್ದು ಅವನಿಗೆ ಇಷ್ಟವಿಲ್ಲದೆ. ಹೆಂಡತಿ ಹಿಡಿದ ಹಠ ಬಿಡದೆ, "ನನ್ನ ತಂಗಿ ಕೈ ನಿಮ್ಮ ಕೈಗಿಂತ ಮೃದು, ಕಲಿಸಿ ನೋಡಿ," ಅಂದಿದ್ದಳು. ಕೊನೆಯ ಕೆಲಸ ಕೊಟ್ಟಿದ್ದ, ಮೆರುಗಿನ ಕೆಲಸ. ಅವನು ಕಟ್ಟಿ ಬೇಯಿಸಿದ ಹಲ್ಲಿಗೆ ತೆಳುವಾಗಿ ಬಣ್ಣ ತೀಡಿ, ಗ್ಲೇಜು ಹಚ್ಚಿ, ಕೊನೆಯ ಸಲ ಬೇಯಿಸುವುದು. ಅಡುಗೆ ನಾನು ಮಾಡ್ತೀನಿ, ಕೊತ್ತಂಬರಿ ನೀನು ಉದುರಿಸು ಅಂದ ಹಾಗೆ. ಬಣ್ಣದ ಪುಟ್ಟ ಡಬ್ಬಿಗಳು ಅವಳ ಬಳಿ ಇರುತ್ತಿದ್ದವು, ಕಂದು, ಕಿತ್ತಳೆ, ಬೂದು, ನೇರಳೆ. ಕೆಲವು ತಿಂಗಳ ಹಿಂದೆ ನೇರಳೆ ಡಬ್ಬಿ ಮುಗಿಯುತ್ತ ಬಂದದ್ದು ನೋಡಿ ಅವನಿಗೆ ರೇಗಿಹೋಗಿತ್ತು. ನೇರಳೆ ಯಾರಿಗೆ ಬೇಕು? ಒಂದು ಡಬ್ಬಿ ಒಬ್ಬನ ಕಾಲಕ್ಕೆ ಮುಗಿಯುವುದಿಲ್ಲ. "ಉಗುರಿಗೆ ಹಚ್ಕೊಳ್ತೀಯಾ, ಇಲ್ಲ ತಿಂತೀಯಾ?" ಎಂದು ಎಲ್ಲರೆದುರು ಕೇಳಿದ್ದ. ಅಡ್ಡಗೋಡೆಯ ಆಚೆಯಿಂದ ಕಬ್ಬಿಣ, "ಗುರುಗಳೇ, ತಿಂದ್ರೆ ನಾಲಿಗೆ ತೋರಿಸ್ಲಿ ಬಿಡಿ," ಎಂದು ನಗೆಯಾಡಿ ಬೆಂಕಿ ಆರಿಸಲು ನೋಡಿದ. ಆರಲಿಲ್ಲ. ಡಬ್ಬಿಗಳನ್ನೆಲ್ಲ ಬಾಚಿಕೊಂಡು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದ. "ಇನ್ನು ಮೇಲೆ ಮುಂದಿನ ಹಲ್ಲಿಗೆ ಮೆರುಗು ಕೂಡ ನಾನೇ ಹಾಕ್ತೀನಿ," ಅಂದಿದ್ದ. ಅವಳು ತನ್ನ ಗಾಜಿನ ಹಲಗೆ ಒರೆಸುತ್ತ ಕೂತಳು. ಒರೆಸಿದ್ದನ್ನೇ ಒರೆಸುತ್ತ.

ಈಗ ಬೀಗ ತೆಗೆದು ಆ ನೇರಳೆ ಡಬ್ಬಿಯನ್ನು ಎದುರಿಗಿಟ್ಟುಕೊಂಡ. ಹೊಸ ಕಣ್ಣಿಗೆ ಅದು ಎಂಥ ನೇರಳೆ, ಕಣ್ಣಿಗೆ ಚುಚ್ಚುವಂಥದ್ದು. ಹಳದಿ ಹೆಚ್ಚಾದ ಹಲ್ಲಿನ ಮೇಲೆ ನೇರಳೆಯನ್ನು ಉಸಿರು ತಾಗಿದಷ್ಟು ತೀಡಿದರೆ ಹಳದಿ ಅಡಗುತ್ತದೆ. ಅವಳಿಗೆ ಅದನ್ನು ಕಲಿಸಿದ್ದು ಅವನೇ. ಡಬ್ಬಿ ಬರಿದಾಗುತ್ತ ಬಂದದ್ದು ಅವನ ಹಳದಿಗಳನ್ನು ಅಡಗಿಸಿ. ಬೀಗ ಹಾಕಿದ ಮೇಲೆ ಕಟ್ಟಿದ ಮೊದಲ ಮುಂದಿನ ಹಲ್ಲು ಯಾವುದು? ಟೀಚರಮ್ಮನದು. ಅದಕ್ಕೆ ಮುಂಚೆ ಒಂದೂ ವಾಪಸು ಬಂದಿರಲಿಲ್ಲ. ಎಷ್ಟು ಬಾಯಿಗಳಲ್ಲಿ, ಎಷ್ಟು ಮದುವೆಯ ಫೋಟೋಗಳಲ್ಲಿ ನಗುತ್ತಿರುವ ಅವನ ಹಲ್ಲುಗಳು, ಅವನದಲ್ಲ. ಅಥವಾ ಅವನದು ಮಾತ್ರ ಅಲ್ಲ. ಕಣ್ಣಿನ ಆಸ್ಪತ್ರೆಗೆ ಹೋಗೋಣ ಎಂದು ಹೆಂಡತಿ ಬೆನ್ನು ಹತ್ತಿದ್ದು ಯಾಕೆ? ನಿಮಗೆ ಪೇಪರು ಓದಕ್ಕೆ ಕಷ್ಟ ಆಗ್ತಿದೆ ಅಂದಿದ್ದಳು. ಅವನು ಪೇಪರು ಓದುವವನೇ ಅಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನಾದಿನಿ ಒಳಗೆ ಬಂದವಳು ಅವನನ್ನೂ, ಅವನ ಮುಂದಿದ್ದ ಡಬ್ಬಿಯನ್ನೂ ನೋಡಿ ಬಾಗಿಲಲ್ಲೇ ನಿಂತಳು. ಅವನ ಬಾಯಿಂದ ಮೊದಲು ಹೊರಟದ್ದು ಅಭ್ಯಾಸದ ಮಾತೇ.

"ನನ್ನ ಬ್ರಷ್ಷು ಮುಟ್ಟು ಅಂತ ನಿನಗೆ ಹೇಳಿದ್ದು ಯಾರು?"

ಅವಳು ಚೀಲ ಕೆಳಗಿಟ್ಟಳು. "ಯಾರೂ ಇಲ್ಲ."

"ಮತ್ತೆ?"

"ಮುಟ್ಟಿದ್ರೆ ಬೈತೀರಿ, ಮುಟ್ಟದಿದ್ರೆ ಬ್ರಷ್ಷು ಹಾಳಾಗುತ್ತೆ. ಹಾಳಾದ್ರೆ ಅದಕ್ಕೂ ನನಗೇ ಬೈತೀರಿ. ಮುಟ್ಟಿ ಬೈಸ್ಕೊಳೋದೇ ಲಾಭ ಅನ್ನಿಸ್ತು."

"ನೇರಳೆ?"

ಅವಳು ಏಪ್ರನ್ನಿನ ದಾರ ಕಟ್ಟಿಕೊಳ್ಳತೊಡಗಿದಳು. ಗಂಟು ಬೀಳುತ್ತಿರಲಿಲ್ಲ.

"ನನಗೆ ಹೇಳಬಹುದಿತ್ತಲ್ಲ," ಅಂದ. ದನಿ ತಾನಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ.

"ಒಂದು ಸಲ ಹೇಳಿದ್ದೆ ಭಾವ. ಹಲ್ಲು ಸ್ವಲ್ಪ ಹಳದಿ ಆಯ್ತೇನೋ ಅಂದೆ. ನಿನ್ನ ಕಣ್ಣಿಗೆ ಕಾಮಾಲೆ ಅಂದ್ರಿ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತ ಗಾದೆ ಬೇರೆ ಹೇಳಿದ್ರಿ. ಕಬ್ಬಿಣ ಒಂದು ವಾರ ನನ್ನನ್ನ ಕಾಮಾಲಮ್ಮ ಅಂತಲೇ ಕರೆದ." ಅವಳ ತುಟಿಯ ತುದಿ ಅಲುಗಿತು. "ಆಮೇಲೆ ಅಕ್ಕನಿಗೆ ಹೇಳಿದೆ. ನಿಮಗೆ ಹೇಳೋದಕ್ಕಿಂತ ಆಪರೇಶನ್ ಮಾಡಿಸೋದೇ ಸುಲಭ ಅಂದ್ಲು ಅವಳು."

ಅವನಿಗೆ ನಗು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಬರಲಿಲ್ಲ. ಅಕ್ಕತಂಗಿಯರು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತ, ಅವನು ಒಳಗೆ ಬಂದ ಕೂಡಲೇ ಮಾತು ಬದಲಿಸುತ್ತಿದ್ದದ್ದು ಕಣ್ಣ ಮುಂದೆ ಬಂತು. ತನ್ನ ಮೇಲೆ ಚಾಡಿ ಹೇಳಿಕೊಳ್ಳುತ್ತಿದ್ದಾರೆ ಎಂದು ಆಗ ತಟ್ಟೆ ಕುಕ್ಕಿ ಎದ್ದು ಹೋಗಿದ್ದ. ಅವನ ಕುರುಡನ್ನು ಇಬ್ಬರು ಹೆಂಗಸರು ಮಡಿಲಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದರು, ಯಾರ ಕಣ್ಣಿಗೂ ಬೀಳದ ಹಾಗೆ, ಅವನ ಕಣ್ಣಿಗಂತೂ ಬೀಳದ ಹಾಗೆ. ಅವಮಾನ ಆಗಬೇಕಿತ್ತು. ಆಯಿತು ಕೂಡ, ಕಿವಿ ಬಿಸಿಯಾಯಿತು. ಆದರೆ ಆ ಬಿಸಿಯ ಕೆಳಗೆ ಇನ್ನೊಂದು ಇತ್ತು. ಚಿಕ್ಕಂದಿನಲ್ಲಿ ಜ್ವರ ಬಂದು ಮಲಗಿದ್ದಾಗ ಯಾರೋ ಬಂದು ಹೊದಿಕೆ ಸರಿಮಾಡಿ ಹೋದದ್ದು, ಯಾರೆಂದು ಕಣ್ಣು ಬಿಟ್ಟು ನೋಡಲೂ ಆಗದೆ ಹಾಗೇ ಮಲಗಿದ್ದದ್ದು, ಅಂಥದ್ದು. ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಅವಳ ಮೇಜಿನ ಮೇಲೆ ಸಾಲಾಗಿ ಇಟ್ಟ. ಡ್ರಾಯರಿನ ಬೀಗದ ಕೈಯನ್ನೂ ಇಟ್ಟ. "ಈ ಕೈ ಯಾಕೆ?" ಅಂದಳು. "ನನಗೂ ಗೊತ್ತಿಲ್ಲ, ಇಟ್ಕೋ," ಅಂದ.

ಹನ್ನೊಂದರ ಸುಮಾರಿಗೆ ಡಾಕ್ಟರಮ್ಮ ಟೀಚರಮ್ಮನನ್ನು ಮೇಲೆ ಕರೆದುಕೊಂಡು ಬಂದರು. ಬಣ್ಣ ನೋಡಲು ಕಿಟಕಿಯ ಬೆಳಕೇ ಬೇಕು. ಟೀಚರಮ್ಮ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ, "ನಿಮಗೆ ತುಂಬಾ ತೊಂದರೆ ಕೊಡ್ತಿದ್ದೀನಿ," ಅಂದರು. ಅವನು ಅವರನ್ನು ನೋಡಿದ್ದು ಅದೇ ಮೊದಲು. ಇಷ್ಟು ದಿನ ಜಿಪ್ಸಂ ಅಚ್ಚಿನಲ್ಲಿ ಮಾತ್ರ ಪರಿಚಯ. ಹಲ್ಲು ಮುತ್ತು ಎಂದುಕೊಂಡ ಹೆಂಗಸಲ್ಲ. ಮಕ್ಕಳ ಮುಂದೆ ಪದ್ಯ ಓದಲು ನಾಚಿಕೆಪಟ್ಟು ತಿಂಗಳುಗಟ್ಟಲೆ ಬೋರ್ಡಿನ ಕಡೆ ತಿರುಗಿ ಪಾಠ ಮಾಡುತ್ತಿದ್ದ ಹೆಂಗಸು. ಹಾಗೆಂದು ಅವರೇ ಡಾಕ್ಟರಮ್ಮನಿಗೆ ಹೇಳುತ್ತಿದ್ದರು. "ಹೋದ ಸಲ ನಾಲ್ಕು ದಿನ ಹಾಕ್ಕೊಂಡು ನೋಡಿ ಅಂತ ಕೊಟ್ರಲ್ಲ, ಆ ಹಲ್ಲಿಗೆ ಮಕ್ಕಳು ಕಡಲೆಬೀಜ ಅಂತ ಹೆಸರಿಟ್ಟಿದ್ದಾರೆ," ಎಂದು ನಗಲು ಹೋಗಿ ಕರವಸ್ತ್ರವನ್ನು ಮತ್ತೆ ಮೇಲೆ ತಂದರು. ಕಡಲೆಬೀಜ ಎಂದರೆ ಅವನು.

ಅವರನ್ನು ಕಿಟಕಿಯ ಬಳಿ ಕೂರಿಸಿ ಶೇಡ್ ಪಟ್ಟಿ ತೆಗೆದ. ಬೇರೆ ಬೇರೆ ಬಿಳಿಯ ಮಾದರಿ ಹಲ್ಲುಗಳ ಸಾಲು. ಒಂದನ್ನು ಹಿಡಿದ, ಇನ್ನೊಂದನ್ನು ಹಿಡಿದ. ಎಡಗಣ್ಣು ಎರಡೂ ಸರಿ ಅಂದಿತು, ಬಲಗಣ್ಣು ಎರಡೂ ತಪ್ಪು ಅಂದಿತು. ಒಂದು ಕಣ್ಣು ಹಳೇ ಸುಳ್ಳ, ಇನ್ನೊಂದು ಊರಿಗೆ ಹೊಸಬ; ಯಾರನ್ನು ನಂಬುವುದು? ಬಲಗಣ್ಣಿನ ನೀಲಿ ಇಳಿದು ಹದಕ್ಕೆ ಬರಲು ಇನ್ನೂ ದಿನ ಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಡಾಕ್ಟರಮ್ಮ ತೋಳು ಕಟ್ಟಿ ನಿಂತಿದ್ದರು. ಅಡ್ಡಗೋಡೆಯ ಆಚೆ ಕಬ್ಬಿಣನ ಮೋಟಾರು ನಿಂತಿತ್ತು, ಅಂದರೆ ಅವನೂ ಕಿವಿ ನಿಗುರಿಸಿಕೊಂಡಿದ್ದ. ಅಂದಾಜಿನ ಮೇಲೆ ಒಂದನ್ನು ಆರಿಸಬಹುದಿತ್ತು. ದನಿ ಗಟ್ಟಿಮಾಡಿ ಹೇಳಿದರೆ ಯಾರೂ ಎದುರಾಡುವುದಿಲ್ಲ, ಎಂದೂ ಆಡಿಲ್ಲ. ನಾದಿನಿ ಕೊನೆಗೆ ಹೇಗೋ ಸರಿಮಾಡುತ್ತಾಳೆ. ಆ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಪಟ್ಟಿಯನ್ನು ನಾದಿನಿಯ ಕಡೆ ಚಾಚಿದ. "ನನಗೆ ತಿಳೀತಿಲ್ಲ. ನೀನು ನೋಡು."

ಡಾಕ್ಟರಮ್ಮನ ಹುಬ್ಬು ಮೇಲೇರಿತು. ನಾದಿನಿ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು, ಇದರಲ್ಲಿ ಏನಾದರೂ ಕುಹಕವಿದೆಯೇ ಎಂಬಂತೆ. ಆಮೇಲೆ ಎದ್ದು ಬಂದು, "ಸ್ವಲ್ಪ ಆ ಕಡೆ ಸರೀರಿ ಭಾವ, ಬೆಳಕಿಗೆ ಅಡ್ಡ ನಿಂತಿದ್ದೀರಿ," ಅಂದಳು. ಸರಿದ. ಅವಳು ಟೀಚರಮ್ಮನಿಗೆ ತುಟಿಯ ಬಣ್ಣ ಒರೆಸಲು ಹೇಳಿ, ಹಲ್ಲನ್ನು ನಾಲಿಗೆಯಿಂದ ಒದ್ದೆ ಮಾಡಿಕೊಳ್ಳಲು ಹೇಳಿ, ಕಣ್ಣು ಕಿರಿದು ಮಾಡಿ ಒಂದೇ ನೋಟ ನೋಡಿ ಮುಖ ಬೇರೆ ಕಡೆ ತಿರುಗಿಸಿದಳು. ಬಣ್ಣವನ್ನು ದಿಟ್ಟಿಸಕೂಡದು, ದಿಟ್ಟಿಸಿದರೆ ಕಣ್ಣು ಒಗ್ಗಿಕೊಂಡು ಮೋಸ ಮಾಡುತ್ತದೆ. ಅದೂ ಅವನು ಕಲಿಸಿದ್ದೇ. ಒಂದು ಮಾದರಿ ಹಲ್ಲನ್ನು ಕಿತ್ತು ಅವನ ಕೈಗಿಟ್ಟಳು. "ಇದು. ಕೊರಳ ಹತ್ತಿರ ಇದಕ್ಕಿಂತ ಒಂದು ಮೆಟ್ಟಿಲು ಗಾಢ. ತುದಿಯಲ್ಲಿ ಬೂದು ಇದೆ, ಗಾಜಿನ ಹಾಗೆ. ಎಡಗಡೆ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳಿದೆ, ಅದೂ ಬರಬೇಕು."

ಪಿಂಗಾಣಿಯ ಒಳಗೆ ಕೂರುವ ಹೊಸ ಲೋಹದ ಟೊಪ್ಪಿಗೆಯನ್ನು ಕಬ್ಬಿಣ ಮಾಡಿ, ಉಜ್ಜಿ, ಆವಿಯಲ್ಲಿ ತೊಳೆದು ತಂದಿಟ್ಟಿದ್ದ. "ಈ ಸಲ ಚುಕ್ಕೆ ಬಂದ್ರೆ ನನ್ನ ಮೀಸೆ ಬೋಳಿಸಿ ಗುರುಗಳೇ," ಅಂದ. "ಇರೋದೇ ನಾಲ್ಕು ಕೂದಲು, ಬೋಳಿಸೋಕೆ ಏನಿದೆ," ಎಂದಳು ನಾದಿನಿ. ಲೋಹದ ಕಪ್ಪು ಮುಚ್ಚುವ ಬಿಳಿಯ ಪದರ ಬೇಯಿಸಿ ಆರಿಸಿ ಅವನು ಕಟ್ಟಲು ಕೂತ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಪುಡಿಗಳನ್ನು ಅವಳು ಆರಿಸಿದಳು, ಗಾಜಿನ ಕಡ್ಡಿಯಲ್ಲಿ ಗುಳ್ಳೆ ಏಳದ ಹಾಗೆ ನಿಧಾನವಾಗಿ ಕಲಸಿದಳು. ಅವನು ಬ್ರಷ್ಷಿನ ಮೊನೆಯಲ್ಲಿ ಹನಿಹನಿಯಾಗಿ ಎತ್ತಿ ಇಟ್ಟ. ಬೆಂದಾಗ ಕುಗ್ಗುತ್ತದೆಂದು ತುಸು ದಪ್ಪ ಕಟ್ಟಬೇಕು, ಎಷ್ಟು ದಪ್ಪ ಅನ್ನುವುದು ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಬಣ್ಣದ ಚಿಂತೆಯಿರಲಿಲ್ಲ. ಆಕಾರವೊಂದೇ. ತುದಿಯ ಓರೆ, ಬೆನ್ನಿನ ಉಬ್ಬು, ಪಕ್ಕದ ಹಲ್ಲಿಗೆ ತಾಗಿಯೂ ತಾಗದ ಹಾಗೆ. "ನೀರು ನಿಂತಿದೆ ಭಾವ, ಟಿಶ್ಯೂ ಒತ್ತಿ," ಅಂದಳು. ಒತ್ತಿದ. "ಬ್ರಷ್ಷು ತೊಳ್ಕೊಂಡು ತುದಿಯದು ತಗೊಳ್ಳಿ. ಹಾಗಲ್ಲ, ಬುಡದವರೆಗೆ." ಅವನು ತಲೆ ಎತ್ತಿದ. ಹಿಂದೆ ಯಾರಾದರೂ ಹಾಗೆ ಅಂದಿದ್ದರೆ ಬ್ರಷ್ಷು ಗೋಡೆಗೆ ಹಾರುತ್ತಿತ್ತು. ಅವಳೂ ಅದನ್ನೇ ನೆನೆದಿರಬೇಕು, ಕೈ ಅರ್ಧದಲ್ಲಿ ನಿಂತಿತ್ತು. ಅವನು ಲೋಟಕ್ಕೆ ಬ್ರಷ್ಷು ಇಳಿಸಿ ಬುಡದವರೆಗೆ ತೊಳೆದು ಅವಳ ಕಣ್ಣೆದುರು ಹಿಡಿದ. "ಆಯ್ತಾ?" "ಇನ್ನೊಂದು ಸಲ." ಇನ್ನೊಂದು ಸಲ ತೊಳೆದ. ನೀರಿನೊಳಗೆ ಬಿಳಿ ಹೊಗೆಯ ಹಾಗೆ ಪುಡಿ ಬಿಟ್ಟುಕೊಂಡು ತಳಕ್ಕಿಳಿಯುವುದನ್ನು ಇಬ್ಬರೂ ನೋಡಿದರು.

ಫರ್ನೇಸು ಬಾಯಿ ಮುಚ್ಚಿತು, ತೆರೆಯಿತು. ಉಜ್ಜಿ, ತೊಳೆದು, ಕಡಿಮೆಯಾದಲ್ಲಿ ಸೇರಿಸಿ ಮತ್ತೆ ಬೇಯಿಸಿದರು. ಮೂಲೆಯ ಸೀಳನ್ನು ಅವಳು ತನ್ನ ಸಣ್ಣ ಬ್ರಷ್ಷಿನಲ್ಲಿ, ಉಸಿರು ಬಿಗಿಹಿಡಿದು ಎಳೆದಳು. ನೇರಳೆ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಮೆರುಗು ಬೆಂದು ಹೊರಗೆ ಬಂದ ಹಲ್ಲು ಆರುವವರೆಗೂ ಅವನು ಯಾವ ಕಣ್ಣಿನಲ್ಲೂ ಅದನ್ನು ನೋಡಲಿಲ್ಲ. "ಹೇಗಿದೆ?" ಎಂದು ಅವಳನ್ನೇ ಕೇಳಿದ. "ಬಾಯಲ್ಲಿಟ್ಟು ನೋಡೋಣ ಭಾವ," ಅಂದಳು. ಅವಳ ದನಿಯಲ್ಲೂ ಹೆದರಿಕೆಯಿತ್ತು. ಅದು ಕೇಳಿ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಅವತ್ತೇ ಸಂಜೆ, ಶಾಲೆ ಬಿಟ್ಟ ಮೇಲೆ ಟೀಚರಮ್ಮ ಮತ್ತೆ ಬಂದರು. ಕೆಳಗೆ, ಡಾಕ್ಟರಮ್ಮನ ಕುರ್ಚಿಯ ಪಕ್ಕದಲ್ಲಿ, ಭಾವ ನಾದಿನಿ ಇಬ್ಬರೂ ಗೋಡೆಗೆ ಒರಗಿ ನಿಂತಿದ್ದರು, ಪರೀಕ್ಷೆಯ ಫಲಿತಾಂಶ ನೋಡಲು ಬಂದವರ ಹಾಗೆ. ಡಾಕ್ಟರಮ್ಮ ಹಲ್ಲನ್ನು ಕೂರಿಸಿ, ಕಚ್ಚಿಸಿ, ದೂರ ನಿಂತು ನೋಡಿ, ಹತ್ತಿರ ಬಂದು ನೋಡಿ, ಕನ್ನಡಿಯನ್ನು ಟೀಚರಮ್ಮನ ಕೈಗೆ ಕೊಟ್ಟರು. ಟೀಚರಮ್ಮ ತುಟಿ ಎತ್ತಿ ನೋಡಿಕೊಂಡರು. ಮುಖವನ್ನು ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಉಗುರಿನ ತುದಿಯಿಂದ ಒಂದು ಹಲ್ಲನ್ನು ಮೆಲ್ಲಗೆ ತಟ್ಟಿ, "ಎಷ್ಟು ಚೆನ್ನಾಗಿ ಮಾಡಿದ್ದೀರಿ. ನಂದೇ ಹಲ್ಲು ಅನ್ನೋ ಹಾಗಿದೆ," ಅಂದರು.

ಅವರು ತಟ್ಟಿದ್ದು ಅವರದೇ ಹಲ್ಲನ್ನು. ಹೊಸದು ಅದರ ಪಕ್ಕದ್ದು.

ಅದಲ್ಲ ಮೇಡಂ, ಈಚೆಯದು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅವನು ಎಂದೂ ಅಂಥ ಮಾತನ್ನು ನುಂಗಿದವನಲ್ಲ. ಪಕ್ಕಕ್ಕೆ ನೋಡಿದ. ನಾದಿನಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿದ್ದರು. ಟೀಚರಮ್ಮ ತನ್ನ ಹಲ್ಲನ್ನು ಇನ್ನೊಂದು ಸಲ ಪ್ರೀತಿಯಿಂದ ತಟ್ಟಿಕೊಂಡು, "ಇದನ್ನ ಮಾಡಿದ್ದು ಯಾರು, ನೀವಾ?" ಎಂದು ಅವನನ್ನು ಕೇಳಿದರು.

"ಇಬ್ರೂ ಸೇರಿ, ಮೇಡಂ," ಎಂದ ಅವನು.